ಕಪಾಲಿಯಿಂದ ಕಲ್ಯಾಣದುರ್ಗದವರೆಗೆ: ಪೇಟೆಯ ಟಾಕೀಸು ಉಳಿಯುವುದು ಹೇಗೆ?

ಬೆಳುಗುಪ್ಪ: ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದು ಹೊಸದಲ್ಲ. ಶೇಂಗಾ ಒಣಗಿದರೆ ಗಾರೆ ಕೆಲಸ, ಅದೂ ಸಿಗದಿದ್ದರೆ ಕಾವಲು ಕೆಲಸ. ಕಲ್ಯಾಣದುರ್ಗದಿಂದ ಹೊರಟರೂ ಹಿಂದೂಪುರದಿಂದ ಹೊರಟರೂ ಹೆಚ್ಚಿನವರು ಕೊನೆಗೆ ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದೇ ಹೊರತು ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಲ್ಲ. ಈ ಹೆಸರು ಒಂದು ಸಿನಿಮಾ ಟಾಕೀಸಿನದು ಎಂಬುದು ಇಂದು ಅಲ್ಲಿ ಇಳಿಯುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಮೆಜೆಸ್ಟಿಕ್ ಎಂಬ ಚಿತ್ರಮಂದಿರ ಇತ್ತು, ಅದರಿಂದ ಇಡೀ ಬಡಾವಣೆಗೆ ಆ ಹೆಸರು ಬಂತು. ಚಿತ್ರಮಂದಿರ ಈಗಿಲ್ಲ, ಹೆಸರು ಮಾತ್ರ ಉಳಿದಿದೆ.

ಅದರ ಸುತ್ತಲಿದ್ದ ಅಲಂಕಾರ್, ಹಿಮಾಲಯ, ಕೆಂಪೇಗೌಡ, ಕಲ್ಪನಾ, ಗೀತಾ ಚಿತ್ರಮಂದಿರಗಳೂ ಒಂದೊಂದಾಗಿ ಕಣ್ಮರೆಯಾದವು. ಊರಿಗೆ ಹೋಗುವ ಬಸ್ಸಿಗೆ ಇನ್ನೂ ಮೂರು ಗಂಟೆ ಇದೆ ಎಂದರೆ ಒಂದು ಆಟ ನೋಡಿಕೊಂಡು ಬಂದು ಬಸ್ಸು ಹತ್ತುತ್ತಿದ್ದ ಕಾಲವೊಂದಿತ್ತು. ಕೈಯಲ್ಲಿ ವಾರದ ಕೂಲಿ, ಕಂಕುಳಲ್ಲಿ ಚೀಲ, ಮುಂದಿನ ಸಾಲಿನ ಟಿಕೆಟ್. ಆ ಟಿಕೆಟ್ ಈಗ ಆ ರಸ್ತೆಯಲ್ಲಿ ಸಿಗುವುದು ಕಷ್ಟ.

ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವುದಷ್ಟೇ ಈ ಲೇಖನದ ಉದ್ದೇಶವಲ್ಲ. ದೊಡ್ಡ ಊರಿನ ನಡುಪೇಟೆಯ ಟಾಕೀಸುಗಳು ಏಕೆ ಹೋದವು, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದಂಥ ಊರುಗಳ ಚಿತ್ರಮಂದಿರಗಳೂ ಅದೇ ಹಾದಿ ಹಿಡಿಯುತ್ತವೆಯೇ, ಹಿಡಿದರೆ ನಷ್ಟ ಯಾರಿಗೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾದ ಹೊತ್ತಿದು.

ಎರಡು ಭಾಷೆಯ ಪರದೆ

ಮೊದಲು ಸ್ವಲ್ಪ ಚರಿತ್ರೆ. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಹುಟ್ಟಿದ್ದು. ರಾಯದುರ್ಗ ತಾಲ್ಲೂಕು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗೆರೆ ಎಳೆದದ್ದು ಸರಕಾರ. ಮನೆಯೊಳಗಿನ ಮಾತು ಗೆರೆ ಕೇಳಲಿಲ್ಲ. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಅಥವಾ ಅದರ ತಿರುಗುಮುರುಗು. ಇದು ಇಂದಿಗೂ ನಮ್ಮ ಪಾಡು.

ರಂಗಭೂಮಿ ಮತ್ತು ಸಿನಿಮಾ ಕೂಡ ಹಾಗೆಯೇ ಬೆಳೆದವು. ನಾಟಕ ಲೋಕದ ದೊಡ್ಡ ಹೆಸರಾದ ಬಳ್ಳಾರಿ ರಾಘವ ಹುಟ್ಟಿದ್ದು 1880ರಲ್ಲಿ, ನಮ್ಮ ಜಿಲ್ಲೆಯ ತಾಡಿಪತ್ರಿಯಲ್ಲಿ. ತೆಲುಗು, ಕನ್ನಡ ಎರಡರಲ್ಲೂ ಬಣ್ಣ ಹಚ್ಚಿದ ಅವರು 1930ರ ದಶಕದಲ್ಲಿ ತೆರೆಯ ಮೇಲೂ ಕಾಣಿಸಿಕೊಂಡರು. ‘ಮಾಯಾಬಜಾರ್’ ಚಿತ್ರವನ್ನು 1957ರಲ್ಲಿ ನಿರ್ದೇಶಿಸಿದ ಕೆ.ವಿ. ರೆಡ್ಡಿ ಕೂಡ ತಾಡಿಪತ್ರಿಯವರೇ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ನಿರ್ದೇಶಕ ವೈ.ವಿ. ರಾವ್ ತೆಲುಗು ನಾಡಿನವರು. ಇಪ್ಪತ್ತು ವರ್ಷಗಳ ನಂತರ, 1954ರಲ್ಲಿ, ರಾಜಕುಮಾರ್ ‘ಬೇಡರ ಕಣ್ಣಪ್ಪ’ದ ಮೂಲಕ ನಾಯಕರಾದರು. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಗಿ ಬಂತು. ಅದರಲ್ಲೂ ರಾಜಕುಮಾರರೇ ನಾಯಕ. ಅವರು ನಾಯಕರಾಗಿ ನಟಿಸಿದ ತೆಲುಗು ಚಿತ್ರ ಅದೊಂದೇ. ಕಣ್ಣಪ್ಪನ ಕ್ಷೇತ್ರ ಕಾಳಹಸ್ತಿ ಇರುವುದು ನಮ್ಮ ರಾಯಲಸೀಮೆಯಲ್ಲಿ ಎಂಬುದು ಗಮನಾರ್ಹ.

ಹಳ್ಳಿಗಳಿಗೆ ಸಿನಿಮಾ ತಲುಪಿದ್ದು ಟೂರಿಂಗ್ ಟಾಕೀಸಿನ ಡೇರೆಯ ಮೂಲಕ. ಕೊಯ್ಲು ಮುಗಿದ ಬಯಲಿನಲ್ಲಿ ಡೇರೆ, ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ಭಕ್ತಿಗೀತೆ ಕೇಳಿಸಿದರೆ ಟಿಕೆಟ್ ಕೊಡುವ ಹೊತ್ತಾಯಿತು ಎಂದು ಅರ್ಥ. ಆಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ಕಲ್ಲುಗೋಡೆಯ ಕಾಯಂ ಚಿತ್ರಮಂದಿರಗಳು ಎದ್ದವು. ಎದ್ದದ್ದು ಎಲ್ಲಿ? ಬಸ್ ನಿಲ್ದಾಣದ ಹತ್ತಿರ, ಸಂತೆ ಬೀದಿಯ ಹತ್ತಿರ. ಜನ ಸೇರುವ ಕಡೆ ಟಾಕೀಸು ಇರಬೇಕು. ಅಂದು ಅದರ ಬಲವಾಗಿದ್ದ ಈ ಜಾಗವೇ ಮುಂದೆ ಅದಕ್ಕೆ ಮುಳುವಾಯಿತು.

ಕಪಾಲಿಯ ಲೆಕ್ಕ

ಬೆಂಗಳೂರಿನ ಗಾಂಧಿನಗರದ ಕಪಾಲಿ ಚಿತ್ರಮಂದಿರದ ಕಥೆ ಈ ಮಾತಿಗೆ ಒಳ್ಳೆಯ ಉದಾಹರಣೆ. 1968ರಲ್ಲಿ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ ಈ ಚಿತ್ರಮಂದಿರದಲ್ಲಿ 1,400ಕ್ಕೂ ಹೆಚ್ಚು ಆಸನಗಳಿದ್ದವು. ಸಿನೆರಾಮಾ ತೋರಿಸಬಲ್ಲ ಅಗಲದ ಪರದೆ ಇತ್ತು. ಕಪಾಲಿಯಲ್ಲಿ ಚಿತ್ರ ಓಡಿತು ಎಂದರೆ ಗಾಂಧಿನಗರದ ನಿರ್ಮಾಪಕನಿಗೆ ಅದೊಂದು ಗೌರವ. ಉಪೇಂದ್ರ ನಿರ್ದೇಶನದ, ಶಿವರಾಜಕುಮಾರ್ ಅಭಿನಯದ ‘ಓಂ’ 1995ರಲ್ಲಿ ತೆರೆಕಂಡ ಮೇಲೂ ಇಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗಿ ಜನ ಸೇರಿಸಿತು. ಆದರೆ 2017ರಲ್ಲಿ ಕಪಾಲಿ ಬಾಗಿಲು ಮುಚ್ಚಿತು. ಕಟ್ಟಡ ನೆಲಸಮವಾಯಿತು.

ಜನ ಬಾರದೇ ಕಪಾಲಿ ಮುಚ್ಚಿತು ಎಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯ ಮಾತ್ರ. 1,400 ಆಸನದ ಮಂದಿರದಲ್ಲಿ ದಿನಕ್ಕೆ ನಾಲ್ಕು ಆಟ ಎಂದರೆ 5,600 ಟಿಕೆಟ್. ದೊಡ್ಡ ನಾಯಕನ ಚಿತ್ರದ ಮೊದಲ ಮೂರು ದಿನ ಬಿಟ್ಟರೆ ಅಷ್ಟು ಜನ ಯಾವ ಚಿತ್ರಕ್ಕೆ ಬರುತ್ತಾರೆ? ಒಂದು ಆಟಕ್ಕೆ ಇನ್ನೂರು ಜನ ಬಂದರೂ ಇಡೀ ಮಂದಿರಕ್ಕೆ ದೀಪ ಹಾಕಬೇಕು, ಫ್ಯಾನು ಓಡಿಸಬೇಕು, ಕಸ ಗುಡಿಸಬೇಕು. ಬಹುಪರದೆಯ ಮಾಲೀಕನಿಗೆ ಈ ತೊಂದರೆ ಇಲ್ಲ. ಇನ್ನೂರು ಜನ ಬಂದರೆ ಇನ್ನೂರು ಆಸನದ ಪರದೆ, ಐವತ್ತು ಜನ ಬಂದರೆ ಚಿಕ್ಕ ಪರದೆ. ಕೆಳಗೆ ಅಂಗಡಿಗಳ ಬಾಡಿಗೆ, ಒಳಗೆ ಪಾಪ್‌ಕಾರ್ನ್ ವ್ಯಾಪಾರ, ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ ಶುಲ್ಕ.

ಇದಕ್ಕಿಂತ ದೊಡ್ಡ ಸಂಗತಿ ನೆಲದ ಬೆಲೆ. ಒಂಟಿ ಪರದೆಯ ಚಿತ್ರಮಂದಿರ ಎಷ್ಟೇ ಎತ್ತರವಿದ್ದರೂ ಲೆಕ್ಕಕ್ಕೆ ಒಂದೇ ಮಾಳಿಗೆ. ಅದೇ ಜಾಗದಲ್ಲಿ ಏಳೆಂಟು ಮಾಳಿಗೆಯ ವಾಣಿಜ್ಯ ಕಟ್ಟಡ ಎಬ್ಬಿಸಬಹುದು ಎಂದಾದ ದಿನ ಟಿಕೆಟಿನ ಹಣ ಬಾಡಿಗೆಯ ಹಣದ ಮುಂದೆ ಸೋತಿತು. ಅಜ್ಜ ಕಟ್ಟಿಸಿದ ಟಾಕೀಸನ್ನು ಮೊಮ್ಮಕ್ಕಳು ಪಾಲು ಮಾಡಿಕೊಳ್ಳುವಾಗ ಪರದೆಯನ್ನು ಹರಿದು ಹಂಚಲು ಆಗುವುದಿಲ್ಲ, ಜಾಗ ಮಾರಿ ಹಣ ಹಂಚಲು ಆಗುತ್ತದೆ. ಅನೇಕ ಊರುಗಳಲ್ಲಿ ಚಿತ್ರಮಂದಿರದ ಅಂತ್ಯ ಆಗುವುದು ಹೀಗೆ, ಮನೆಯ ಪಾಲುಪಟ್ಟಿಯಲ್ಲಿ.

ಕಪಾಲಿ ಒಂದೇ ಅಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ರಂದು ಕೊನೆಯ ಆಟ ಮುಗಿಸಿತು. ಮೈಸೂರಿನ ಶಾಂತಲಾ 2020ರಲ್ಲಿ, ಕೊರೊನಾ ವರ್ಷದಲ್ಲಿ ಮುಚ್ಚಿತು. 1974ರಲ್ಲಿ ರಾಜಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ಆರಂಭವಾದ ಬೆಂಗಳೂರಿನ ಕಾವೇರಿ ಐವತ್ತು ವರ್ಷ ತುಂಬಿದ 2024ರಲ್ಲೇ ಬಾಗಿಲು ಹಾಕಿತು.

ಕಪಾಲಿ ಇದ್ದ ಜಾಗದಲ್ಲಿ ಹೊಸ ಕಟ್ಟಡ ಎದ್ದಿದೆ. ಅದರಲ್ಲಿ ಬಹುಪರದೆಯನ್ನು ತಂದದ್ದು ತೆಲುಗು ನಟ ಮಹೇಶ್ ಬಾಬು ಪಾಲುದಾರರಾಗಿರುವ ಎಎಂಬಿ ಸಿನಿಮಾಸ್. ಹೈದರಾಬಾದಿನಲ್ಲಿ 2018ರಲ್ಲಿ ಮೊದಲ ಬಹುಪರದೆ ತೆರೆದ ಸಂಸ್ಥೆ ಇದು. ಇದರಲ್ಲಿ ಭಾಷೆಯ ಜಗಳ ಹುಡುಕುವ ಅಗತ್ಯವಿಲ್ಲ. ಮೊದಲ ಕನ್ನಡ ಚಿತ್ರವನ್ನು ತೆಲುಗರು ನಿರ್ದೇಶಿಸಿದ ನಾಡಿದು. ಪ್ರಶ್ನೆ ಬೇರೆಯೇ ಇದೆ. ಪರದೆಗಳ ಸಂಖ್ಯೆ ಹೆಚ್ಚಾಯಿತು, ಸರಿ. ಆದರೆ ಚೀಲ ಹೊತ್ತು ಬಸ್ಸಿಗೆ ಕಾಯುವ ಗಾರೆ ಕೆಲಸದವನು ಅಲ್ಲಿ ಒಳಗೆ ಹೋಗಬಲ್ಲನೇ?

ಡಬ್ಬಿ ಹೋಗಿ ಡಿಜಿಟಲ್ ಬಂತು

ಸಣ್ಣ ಊರುಗಳ ಮಟ್ಟಿಗೆ ನೆಲದ ಬೆಲೆಯ ಜೊತೆಗೆ ಇನ್ನೊಂದು ಕಾರಣವಿದೆ. ಹಿಂದೆ ಚಿತ್ರದ ಒಂದೊಂದು ಪ್ರತಿಗೂ ದುಬಾರಿ ಖರ್ಚು ತಗಲುತ್ತಿತ್ತು. ಆದ್ದರಿಂದ ಮೊದಲು ದೊಡ್ಡ ಊರು, ಆಮೇಲೆ ಜಿಲ್ಲಾ ಕೇಂದ್ರ, ವಾರಗಳ ನಂತರ ತಾಲ್ಲೂಕು, ಕೊನೆಗೆ ಡೇರೆ. ರೀಲಿನ ಡಬ್ಬಿ ಬಸ್ಸಿನ ಮೇಲೆ ಪ್ರಯಾಣ ಮಾಡುತ್ತಿತ್ತು. ತಡವಾಗಿ ಬಂದರೂ ಚಿತ್ರಕ್ಕೆ ಆ ಹೊತ್ತಿಗೆ ಹೆಸರು ಬಂದಿರುತ್ತಿತ್ತು, ಓಡುವ ಚಿತ್ರ ಯಾವುದು ಎಂದು ಟಾಕೀಸಿನವನಿಗೆ ಮೊದಲೇ ತಿಳಿದಿರುತ್ತಿತ್ತು.

2005ರ ನಂತರದ ವರ್ಷಗಳಲ್ಲಿ ಡಿಜಿಟಲ್ ಪ್ರದರ್ಶನ ಬಂತು. ಈಗ ಹೈದರಾಬಾದಿನಲ್ಲಿ ಬಿಡುಗಡೆಯಾದ ದಿನವೇ ಕಲ್ಯಾಣದುರ್ಗದಲ್ಲೂ ಬಿಡುಗಡೆ. ನೋಡುಗನಿಗೆ ಇದು ಲಾಭ. ಆದರೆ ಎಲ್ಲ ಕಡೆ ಒಮ್ಮೆಗೇ ತೋರಿಸಿದ ಮೇಲೆ ಮೊದಲ ವಾರಾಂತ್ಯದಲ್ಲೇ ಗಳಿಕೆ ಮುಗಿಯಿತು. ನೂರು ದಿನದ ಫಲಕ ಎಂಬುದು ಅಪರೂಪವಾಯಿತು. ಕೆಲವೇ ವಾರಗಳಲ್ಲಿ ಚಿತ್ರ ಮೊಬೈಲಿಗೆ ಬರುತ್ತದೆ ಎಂದು ಗೊತ್ತಿದ್ದವರು ಕಾದು ಕೂರುತ್ತಾರೆ. ಹೊಸ ಯಂತ್ರದ ಶುಲ್ಕ ಯಾರು ಕೊಡಬೇಕು ಎಂಬ ಜಗಳ ಬೇರೆ. 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಡಿಜಿಟಲ್ ಸೇವಾ ಕಂಪನಿಗಳ ದರ ವಿರೋಧಿಸಿ ಹೊಸ ಚಿತ್ರಗಳ ಬಿಡುಗಡೆಯನ್ನೇ ನಿಲ್ಲಿಸಿದ್ದರು. ಆ ದಿನಗಳಲ್ಲಿ ಸಣ್ಣ ಊರಿನ ಟಾಕೀಸು ಖಾಲಿ ಹೊಡೆಯಿತು. ಎರಡು ವರ್ಷಕ್ಕೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಹಾಕಿದ ಬಾಗಿಲು ತೆರೆಯಲು ಕೇಂದ್ರ ಒಪ್ಪಿದ್ದು ಅಕ್ಟೋಬರ್ 15ರಿಂದ, ಅದೂ ಅರ್ಧ ಆಸನಗಳಿಗೆ ಮಾತ್ರ.

5 ರೂಪಾಯಿಯಿಂದ 800 ರೂಪಾಯಿವರೆಗೆ

ಗಾಯದ ಮೇಲೆ ಬರೆ ಎಳೆದಂತೆ ಬಂದದ್ದು ಆಂಧ್ರ ಸರಕಾರದ 2021ರ ಏಪ್ರಿಲ್‌ನ 35ನೇ ಆದೇಶ. ಪ್ರದೇಶ ಮತ್ತು ಸೌಲಭ್ಯದ ಪ್ರಕಾರ ಟಿಕೆಟ್ ದರ ನಿಗದಿ ಮಾಡಿದ ಈ ಆದೇಶದಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ, ಹವಾನಿಯಂತ್ರಣವಿಲ್ಲದ ಚಿತ್ರಮಂದಿರಕ್ಕೆ ಗೊತ್ತು ಮಾಡಿದ ದರ 5, 10 ಮತ್ತು 15 ರೂಪಾಯಿ.

ಸರಕಾರದ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ದೊಡ್ಡ ನಾಯಕನ ಚಿತ್ರ ಬಂದಾಗ ಬಡ ಅಭಿಮಾನಿಯ ಜೇಬಿಗೆ ಕತ್ತರಿ ಹಾಕುವುದು ಎಲ್ಲರಿಗೂ ತಿಳಿದ ವಿಚಾರ. ಆದರೆ ಮದ್ದು ರೋಗಕ್ಕಿಂತ ಕಹಿಯಾಯಿತು. ಒಂದು ಲೆಕ್ಕ ಹಾಕಿ ನೋಡೋಣ. 400 ಆಸನದ ಹಳ್ಳಿ ಟಾಕೀಸು ಎಂದುಕೊಳ್ಳಿ. 5 ರೂಪಾಯಿಯ 150, 10 ರೂಪಾಯಿಯ 150, 15 ರೂಪಾಯಿಯ 100 ಆಸನ. ಮಂದಿರ ಪೂರ್ತಿ ತುಂಬಿದರೂ ಒಂದು ಆಟಕ್ಕೆ ಬರುವುದು 3,750 ರೂಪಾಯಿ. ನಾಲ್ಕು ಆಟಕ್ಕೆ 15,000. ಸಾಮಾನ್ಯ ದಿನದಲ್ಲಿ ಕಾಲು ಭಾಗ ತುಂಬಿತು ಎಂದರೆ ಇಡೀ ದಿನಕ್ಕೆ 3,750 ರೂಪಾಯಿ. ಇದರಲ್ಲಿ ವಿತರಕನ ಪಾಲು, ತೆರಿಗೆ, ಕರೆಂಟು, ಆಪರೇಟರ್ ಮತ್ತು ಗೇಟ್ ಕಾಯುವವನ ಸಂಬಳ. ಒಂದು ಲೋಟ ಟೀಗಿಂತ ಅಗ್ಗವಾದ ಟಿಕೆಟ್ ಮಾರಿ ಯಾರು ಬಾಳಬಲ್ಲರು?

2021ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆದೇಶವನ್ನು ಅಮಾನತಿನಲ್ಲಿಟ್ಟಿತು, ಸರಕಾರ ಮೇಲ್ಮನವಿ ಸಲ್ಲಿಸಿತು. ಅದೇ ತಿಂಗಳು ಅಧಿಕಾರಿಗಳ ತಪಾಸಣೆ ಬಿರುಸಾಯಿತು. ಕೆಲವು ಚಿತ್ರಮಂದಿರಗಳಿಗೆ ಬೀಗ ಬಿತ್ತು, ಕೆಲವನ್ನು ಮಾಲೀಕರೇ ಮುಚ್ಚಿದರು. ಕೊನೆಗೆ 2022ರ ಮಾರ್ಚ್ 7ರಂದು ಬಂದ ಹೊಸ ಆದೇಶದಲ್ಲಿ ಕನಿಷ್ಠ ದರ 20 ರೂಪಾಯಿ, ಗರಿಷ್ಠ 250 ರೂಪಾಯಿ ಎಂದಾಯಿತು.

ಇನ್ನೊಂದು ತುದಿಯನ್ನೂ ನೋಡಿ. 2024ರ ಡಿಸೆಂಬರ್‌ನಲ್ಲಿ ‘ಪುಷ್ಪ 2’ ಬಿಡುಗಡೆಯಾದಾಗ ಹಿಂದಿನ ರಾತ್ರಿಯ ವಿಶೇಷ ಆಟಕ್ಕೆ 800 ರೂಪಾಯಿ ಪಡೆಯಲು ಇದೇ ರಾಜ್ಯದಲ್ಲಿ ಅನುಮತಿ ಸಿಕ್ಕಿತು. ಆ ರಾತ್ರಿ ಹೈದರಾಬಾದಿನ ಸಂಧ್ಯಾ ಚಿತ್ರಮಂದಿರದ ಬಳಿ ನಡೆದ ನೂಕುನುಗ್ಗಲಿನಲ್ಲಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡದ್ದು ಎಲ್ಲರಿಗೂ ತಿಳಿದಿದೆ. ಮೂರೂವರೆ ವರ್ಷದ ಅಂತರದಲ್ಲಿ ಒಂದೇ ರಾಜ್ಯದ ಟಿಕೆಟ್ ದರ 5 ರೂಪಾಯಿಗೂ ಇಳಿಯಿತು, 800 ರೂಪಾಯಿಗೂ ಏರಿತು. ಎರಡೂ ಸರಕಾರಿ ಕಾಗದದ ಮೇಲೆಯೇ.

ಈ ಏರಿಳಿತದಲ್ಲಿ ಸತ್ತದ್ದು ನಡುವಿನ ಸಾಮಾನ್ಯ ದಿನ. ಮಂಗಳವಾರದ ಮ್ಯಾಟಿನಿಗೆ ನಲವತ್ತು ಐವತ್ತು ರೂಪಾಯಿ ಕೊಟ್ಟು ಬರುವ ಕುಟುಂಬವೇ ತಾಲ್ಲೂಕು ಟಾಕೀಸಿನ ಬೆನ್ನೆಲುಬು. 5 ರೂಪಾಯಿಯ ಆದೇಶ ಮಾಲೀಕನನ್ನು ಓಡಿಸಿತು, 800 ರೂಪಾಯಿಯ ಆದೇಶ ಆ ಕುಟುಂಬವನ್ನು ಓಡಿಸಿತು.

2025ರ ಮೇ ತಿಂಗಳಲ್ಲಿ ಮತ್ತೊಂದು ಜಗಳ ಬೀದಿಗೆ ಬಂತು. ದೊಡ್ಡ ಚಿತ್ರಗಳಿಗೆ ಮೊದಲ ವಾರ ಚಿತ್ರಮಂದಿರವನ್ನು ಗೊತ್ತಾದ ಬಾಡಿಗೆಗೆ ಪಡೆಯುತ್ತಾರೆ. ಗಳಿಕೆ ಎಷ್ಟೇ ಬಂದರೂ ಮಾಲೀಕನಿಗೆ ಬಾಡಿಗೆ ಅಷ್ಟೇ. ಜನ ಕಡಿಮೆಯಾದ ಮೇಲೆ ಮಾತ್ರ ಶೇಕಡಾ ಪಾಲು. ಫಸಲು ಬಂದಾಗ ಗುತ್ತಿಗೆ, ಬರ ಬಂದಾಗ ಪಾಲು ಎಂದರೆ ನಮ್ಮ ಕಡೆಯ ರೈತನಿಗೆ ಬೇಗ ಅರ್ಥವಾದೀತು. ಮೊದಲ ದಿನದಿಂದಲೂ ಶೇಕಡಾ ಪಾಲು ಬೇಕು, ಇಲ್ಲದಿದ್ದರೆ ಜೂನ್ 1ರಿಂದ ಮುಚ್ಚುತ್ತೇವೆ ಎಂದು ಎರಡೂ ತೆಲುಗು ರಾಜ್ಯಗಳ ಪ್ರದರ್ಶಕರು ಹೇಳಿದರು. ಆಂಧ್ರ ಸರಕಾರ ಸಿಟ್ಟಾಯಿತು, ತಪಾಸಣೆಯ ಮಾತು ಬಂತು, ಪ್ರದರ್ಶಕರು ಹಿಂದೆ ಸರಿದರು. ಬೇಡಿಕೆ ಮಾತ್ರ ಅಲ್ಲೇ ಉಳಿಯಿತು.

ಕರ್ನಾಟಕದ ದಾರಿ ಬೇರೆ. ಅಲ್ಲಿ 2025ರ ಸೆಪ್ಟೆಂಬರ್ 12ರಂದು ರಾಜ್ಯಾದ್ಯಂತ ಗರಿಷ್ಠ 200 ರೂಪಾಯಿ ಎಂಬ ಅಧಿಸೂಚನೆ ಬಂತು. ಹನ್ನೊಂದು ದಿನಕ್ಕೆ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಈ ಮಿತಿಯ ಗುರಿ ಬೆಂಗಳೂರಿನ ಬಹುಪರದೆಗಳು. ಪಾವಗಡದಂಥ ಊರಿನ ಟಾಕೀಸಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸಣ್ಣ ಊರಿಗೆ ನಿಜವಾಗಿ ತುಸು ನೆರವಾದದ್ದು ಕೇಂದ್ರದ ಜಿಎಸ್‌ಟಿ ಬದಲಾವಣೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಅದಕ್ಕೂ ಮೇಲಿನದಕ್ಕೆ ಶೇ. 18 ಹಾಗೆಯೇ ಉಳಿಯಿತು.

ಸೀಡೆಡ್ ಮತ್ತು ಬಿಕೆಟಿ ನಡುವಿನ ಗೆರೆ

ಗಡಿನಾಡಿನ ಕನ್ನಡಿಗರಿಗೆ ಇದರೊಳಗೆ ಇನ್ನೊಂದು ತೊಡಕಿದೆ. ತೆಲುಗು ಸಿನಿಮಾ ವ್ಯಾಪಾರದಲ್ಲಿ ರಾಯಲಸೀಮೆಗೆ ‘ಸೀಡೆಡ್’ ಎಂದೇ ಹೆಸರು. 1800ರಲ್ಲಿ ನಿಜಾಮ ಈ ಜಿಲ್ಲೆಗಳನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟಾಗ ಬಂದ ಹೆಸರು ಇಂದಿಗೂ ಪೋಸ್ಟರ್ ವ್ಯವಹಾರದಲ್ಲಿ ಉಳಿದಿದೆ. ಗಡಿಯಾಚೆ, ಕನ್ನಡ ಚಿತ್ರ ವ್ಯಾಪಾರದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿ ‘ಬಿಕೆಟಿ’. ತುಮಕೂರು ಜಿಲ್ಲೆಯ ಪಾವಗಡ ಮೂರು ಕಡೆ ಆಂಧ್ರದಿಂದ ಸುತ್ತುವರಿದಿದ್ದರೂ ಬಿಕೆಟಿಗೆ ಸೇರುತ್ತದೆ. ಪಕ್ಕದ ಮಡಕಶಿರಾ, ಕಲ್ಯಾಣದುರ್ಗ ಸೀಡೆಡ್‌ಗೆ.

ಇದರ ಪರಿಣಾಮ ಏನು? ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂತು. ತೆಲುಗು ಅವತರಣಿಕೆ ಬಂದದ್ದು ಅಕ್ಟೋಬರ್ 15ರಂದು. ಸೀಡೆಡ್ ಹಕ್ಕು ಪಡೆದ ವಿತರಕನಿಗೆ ತೆಲುಗು ಪ್ರತಿಯನ್ನು ಹಾಕುವುದರಲ್ಲೇ ಲಾಭ. ಹೀಗಾಗಿ ಮನೆಯಲ್ಲಿ ಕನ್ನಡ ಆಡುವ ಮಡಕಶಿರಾದ ಅಜ್ಜಿ ಕನ್ನಡದ ಚಿತ್ರವನ್ನು ತನ್ನೂರಿನಲ್ಲಿ ತೆಲುಗಿನಲ್ಲಿ ನೋಡಬೇಕು, ಇಲ್ಲವೇ ಗಡಿ ದಾಟಿ ಪಾವಗಡಕ್ಕೋ ಶಿರಾಕ್ಕೋ ಹೋಗಬೇಕು. ಮಡಕಶಿರಾ, ಅಮರಾಪುರಂ, ರೊಳ್ಳ, ಡಿ. ಹೀರೇಹಾಳ್ ಕಡೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಶಾಲೆಯ ಹೊರಗೆ ಆ ಮಕ್ಕಳಿಗೆ ನಾಲ್ಕು ಜನರ ನಡುವೆ ಕುಳಿತು ಕನ್ನಡ ಕೇಳುವ ಜಾಗ ಎಲ್ಲಿದೆ? ಊರ ಟಾಕೀಸು ಅಂಥ ಜಾಗವಾಗಬಹುದಿತ್ತು. ಟಾಕೀಸೇ ಹೋದರೆ ಆ ಪ್ರಶ್ನೆಯೇ ಮುಗಿಯುತ್ತದೆ.

ಮುಚ್ಚಿದರೆ ಯಾರಿಗೆ ನಷ್ಟ?

ಮಾಲೀಕನಿಗೆ ನಷ್ಟವಿಲ್ಲ. ಬಸ್ ನಿಲ್ದಾಣದ ಪಕ್ಕದ ಜಾಗಕ್ಕೆ ಕಲ್ಯಾಣ ಮಂಟಪವೋ ಬಟ್ಟೆ ಅಂಗಡಿಯೋ ಸಾಲುಗಟ್ಟಿ ನಿಲ್ಲುತ್ತದೆ. ದೊಡ್ಡ ನಾಯಕನಿಗೂ ನಷ್ಟವಿಲ್ಲ. ನಗರದ ಬಹುಪರದೆ ಮತ್ತು ಮೊಬೈಲು ಕಂಪನಿ ಅವನ ಲೆಕ್ಕ ತುಂಬಿಸುತ್ತವೆ. ಉಳ್ಳವರು ಕಾರಿನಲ್ಲಿ ಅನಂತಪುರಕ್ಕೋ ಬೆಂಗಳೂರಿಗೋ ಹೋಗಿ ನೋಡಿಯಾರು.

ನಷ್ಟ ಆಗುವುದು ಉಳಿದವರಿಗೆ. ನಾಲ್ಕು ಹೆಂಗಸರು ಜೊತೆಗೂಡಿ ಮಧ್ಯಾಹ್ನದ ಆಟಕ್ಕೆ ಹೋಗಿ ಬರುವುದಕ್ಕೆ ಸಣ್ಣ ಊರಿನಲ್ಲಿ ಗುಡಿ ಮತ್ತು ಟಾಕೀಸು ಬಿಟ್ಟರೆ ಬೇರೆ ಜಾಗ ಕಡಿಮೆ. ಮೊಬೈಲಿನಲ್ಲಿ ಸಿನಿಮಾ ಸಿಗುತ್ತದೆ, ನಿಜ. ಆದರೆ ಆ ಮೊಬೈಲು ಮನೆಯಲ್ಲಿ ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನೂ ನೋಡಬೇಕು. ಟಿಕೆಟ್ ಹರಿಯುವವನು, ಪೋಸ್ಟರ್ ಅಂಟಿಸುವವನು, ಸೈಕಲ್ ಸ್ಟ್ಯಾಂಡಿನವನು, ಮಿರಪಕಾಯಿ ಬಜ್ಜಿಯ ಗಾಡಿಯವನು, ಕೊನೆಯ ಆಟ ಬಿಡುವ ತನಕ ಕಾಯುವ ಆಟೋದವನು, ಇವರೆಲ್ಲರ ಸಂಜೆಯ ದುಡಿಮೆ ಆ ಒಂದು ಕಟ್ಟಡಕ್ಕೆ ಕಟ್ಟಿಹಾಕಿದೆ.

ಮೇಲಾಗಿ, ಊರಿನ ಎಲ್ಲ ಜಾತಿ, ಎಲ್ಲ ಕೇರಿಯ ಜನ ಒಂದೇ ಮಾಡಿನ ಕೆಳಗೆ ಮೂರು ತಾಸು ಕೂರುತ್ತಿದ್ದ ಜಾಗ ಅದು. ನೆಲದವನು ಮುಂದೆ, ಬಾಲ್ಕನಿಯವನು ಹಿಂದೆ, ಆ ಭೇದ ಇದ್ದೇ ಇತ್ತು. ಆದರೂ ಅದು ದುಡ್ಡಿನ ಭೇದ. ದುಡ್ಡು ಕೊಟ್ಟರೆ ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂಬುದು ನಮ್ಮ ಊರುಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಏನು ಮಾಡಬಹುದು?

ಮೊದಲನೆಯದಾಗಿ, ಟಿಕೆಟ್ ದರ ಚಿತ್ರದಿಂದ ಚಿತ್ರಕ್ಕೆ, ಸರಕಾರದಿಂದ ಸರಕಾರಕ್ಕೆ ಕುಣಿಯಬಾರದು. ಖರ್ಚು ನೋಡಿ ಎರಡು ವರ್ಷಕ್ಕೊಮ್ಮೆ ದರ ಪರಿಷ್ಕರಿಸುವ ಪದ್ಧತಿ ಇರಲಿ. ಮುಂದಿನ ಸಾಲಿಗೆ ಅಗ್ಗದ ಟಿಕೆಟ್ ಕಡ್ಡಾಯ ಇರಲಿ, ವಿಶೇಷ ಆಟದ ಹೆಸರಿನ ದರ ಏರಿಕೆ ನಿಲ್ಲಲಿ.

ಎರಡನೆಯದು, ಮೊದಲ ದಿನದಿಂದಲೇ ಶೇಕಡಾ ಪಾಲು. ಜನ ಬಂದ ದಿನದ ಹಣದಲ್ಲಿ ಟಾಕೀಸಿನವನಿಗೂ ಪಾಲಿದ್ದರೆ ಮುರಿದ ಕುರ್ಚಿ, ಕೆಟ್ಟ ಶೌಚಾಲಯ ರಿಪೇರಿ ಆದೀತು. ಕೆಟ್ಟ ಶೌಚಾಲಯದ ಕಾರಣಕ್ಕೇ ಹೆಂಗಸರು ಚಿತ್ರಮಂದಿರ ಬಿಟ್ಟರು ಎಂಬುದನ್ನು ಮಾಲೀಕರೂ ಒಪ್ಪಬೇಕು.

ಮೂರನೆಯದು, ದೊಡ್ಡ ಮಂದಿರವನ್ನು ಒಡೆದು ಎರಡು ಸಣ್ಣ ಪರದೆ ಮತ್ತು ಕೆಲವು ಅಂಗಡಿ ಮಾಡಿಕೊಳ್ಳಲು ಸುಲಭವಾಗಿ ಅನುಮತಿ ಕೊಡಬೇಕು, ಒಂದು ಪರದೆಯಾದರೂ ಅಗ್ಗದ ದರದಲ್ಲಿ ಉಳಿಯಬೇಕು ಎಂಬ ಷರತ್ತಿನೊಂದಿಗೆ. ಪರವಾನಗಿ ಕೊಡುವ ಅಧಿಕಾರ ಜಿಲ್ಲಾಡಳಿತದ ಕೈಯಲ್ಲೇ ಇದೆ. ಅಗ್ನಿ ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದನ್ನು ಮರೆಯುವಂತಿಲ್ಲ.

ನಾಲ್ಕನೆಯದು ಗಡಿ ಕನ್ನಡಿಗರ ಬೇಡಿಕೆ. ರಾಯದುರ್ಗ, ಮಡಕಶಿರಾ, ಕಲ್ಯಾಣದುರ್ಗದಲ್ಲಿ ವಾರಕ್ಕೆ ಒಂದೇ ಒಂದು ಕನ್ನಡ ಆಟ. ಭಾನುವಾರ ಬೆಳಗಿನ ಆಟ ಹೇಗೂ ಖಾಲಿ ಇರುವ ಕಡೆ ಇದು ಅಸಾಧ್ಯವಲ್ಲ. ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಚಲನಚಿತ್ರ ಅಕಾಡೆಮಿ ಇದೆ. ಸಭೆ ಸಮಾರಂಭಕ್ಕೆ ಕೊಡುವ ಹಣದಲ್ಲಿ ಸ್ವಲ್ಪ ಭಾಗ ಪ್ರದರ್ಶನ ಹಕ್ಕಿಗೆ ಕೊಟ್ಟರೆ ಕನ್ನಡ ಮಾಧ್ಯಮದ ಮಕ್ಕಳು ತಮ್ಮ ಊರಿನಲ್ಲೇ ಕನ್ನಡ ಚಿತ್ರ ನೋಡಿಯಾರು. ಕೇರಳದಲ್ಲಿ ಸರಕಾರಿ ಚಲನಚಿತ್ರ ಅಭಿವೃದ್ಧಿ ನಿಗಮವೇ ಕೈರಳಿ, ಶ್ರೀ ಎಂಬ ಹೆಸರಿನ ಚಿತ್ರಮಂದಿರಗಳನ್ನು ನಡೆಸುತ್ತದೆ. ಸರಕಾರ ಟಾಕೀಸು ನಡೆಸುವುದೇ ಎಂದು ಹುಬ್ಬೇರಿಸುವವರು ಅದನ್ನು ನೋಡಿ ಬರಬಹುದು.

ಹಿಂದೂಪುರ ಕ್ಷೇತ್ರ 1985ರಲ್ಲಿ ಎನ್.ಟಿ. ರಾಮರಾವ್ ಅವರನ್ನು ಗೆಲ್ಲಿಸಿತು. 2014ರಿಂದ ಸತತ ಮೂರು ಸಲ ಅವರ ಮಗ ಬಾಲಕೃಷ್ಣ ಅವರನ್ನು ಆರಿಸಿ ಕಳಿಸಿದೆ. ತೆರೆಯ ಮೇಲೆ ಕಂಡವರಿಗೆ ಮತ ಹಾಕಿದ ಜನ ಆ ತೆರೆಯನ್ನು ಉಳಿಸಿಕೊಡಿ ಎಂದು ಕೇಳಿದರೆ ತಪ್ಪೇನು?

ಬೆಳುಗುಪ್ಪ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಹಂದ್ರಿ-ನೀವಾ ಕಾಲುವೆಯ ನೀರು ಬಂದ ಮೇಲೆ ವಲಸೆ ನಿಲ್ಲಲಿ ಎಂಬುದು ಎಲ್ಲರ ಆಸೆ. ಊರಲ್ಲೇ ದುಡಿಮೆ ಸಿಕ್ಕಿ ಜನ ಊರಲ್ಲೇ ಉಳಿದರೆ, ಸಂಜೆ ಕಳೆಯಲು ಅವರಿಗೆ ಊರಲ್ಲೇ ಒಂದು ಜಾಗವೂ ಬೇಕು. ಕಪಾಲಿಯ ಬಗ್ಗೆ ಬೆಂಗಳೂರು ಮರುಗಿದ್ದು ಕಟ್ಟಡ ಬಿದ್ದ ಮೇಲೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಕೆಲವು ಬಾಗಿಲು ತೆರೆದಿವೆ. ಮಾತಾಡುವುದಿದ್ದರೆ ಈಗಲೇ ಮಾತಾಡಬೇಕು.